ಬೆಟಗೇರಿ ಬಿಡೋದೋ ಬ್ಯಾಡೋ

ನಮ್ಮ ಮನೆಯಲ್ಲಿ ಯಾವುದಾದರೂ ಮಾತು ಒಂದೇ ದಿನಕ್ಕೆ ಇತ್ಯರ್ಥವಾಯಿತೆಂದರೆ ಅದರಲ್ಲಿ ಏನೋ ತಪ್ಪಾಗಿದೆ ಎಂದೇ ನಾವು ತಿಳಿಯುತ್ತೇವೆ. ಫ್ರಿಜ್ ಕೊಳ್ಳಲು ಎರಡು ಬೇಸಿಗೆ ಹಿಡಿದವು. ಪಡಸಾಲೆಗೆ ಯಾವ ಬಣ್ಣ ಎಂದು ಗೊತ್ತುಮಾಡುವಷ್ಟರಲ್ಲಿ ಗೋಡೆಯ ಗಿಲಾವೇ ಉದುರಿತ್ತು. ಅಂಥವರ ಮುಂದೆ 'ಊರು ಬಿಡುವುದೋ ಬೇಡವೋ' ಎಂಬ ಪ್ರಶ್ನೆ ಬಂದು ಕೂತರೆ ಏನಾಗಬೇಡ?

ನಾನು ಹುಬ್ಬಳ್ಳಿಯ ಹೊರವಲಯದ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಮನೆ ಬೆಟಗೇರಿಯಲ್ಲಿ. ಬೆಳಿಗ್ಗೆ ಆರಕ್ಕೆ ಎದ್ದುಬಿದ್ದು ಗದಗ ಸ್ಟೇಷನ್ನಿಗೆ ಆಟೋ, ಅಲ್ಲಿಂದ ರೈಲು, ಇಳಿದ ಮೇಲೆ ಸಿಟಿ ಬಸ್ಸು. ಸಂಜೆ ಇದೇ ಮೆರವಣಿಗೆ ತಿರುಗಾ. ಒಂದು ದಿನ ಕ್ಲಾಸಿನಲ್ಲಿ ಕುರ್ಚಿಯಿಂದ ಏಳಲು ಹೋದವಳಿಗೆ ಸೊಂಟ ಹಿಡಿದು ಏಳಲಿಕ್ಕೇ ಆಗಲಿಲ್ಲ. ಡಾಕ್ಟರು "ತಿರುಗಾಟ ಕಡಿಮಿ ಮಾಡ್ರಿ" ಎಂದರು. ಶಾಲೆಯಿಂದ ಹತ್ತು ನಿಮಿಷ ನಡೆದರೆ ಸಿಗುವ ಒಂದು ದೊಡ್ಡವರ ಕಾಲೊನಿಯಲ್ಲಿ ಮನೆಯೊಂದು ಬಾಡಿಗೆಗೆ ಇದೆ ಎಂದು ಅಲ್ಲಿಯೇ ಇರುವ ನನ್ನ ಸಹೋದ್ಯೋಗಿ ಗೆಳತಿ ಹೇಳಿದಳು. ಸಾಲು ಸಾಲು ಬಂಗಲೆ, ಮನೆಗೆ ಎರಡು ಕಾರು, ಬೆಳಿಗ್ಗೆ ಒಂಬತ್ತಕ್ಕೆ ಎಲ್ಲರೂ ಹುಬ್ಬಳ್ಳಿ–ಧಾರವಾಡದ ಆಫೀಸುಗಳಿಗೆ ಹೊರಟುಬಿಡುವ ಜಾಗ.

ತೊಡಕು ಏನೆಂದರೆ, ನಮ್ಮವರ ಸೀರೆ ಅಂಗಡಿ ಇರುವುದು ಬೆಟಗೇರಿಯಲ್ಲಿ. ನಾವು ಕಾಲೊನಿಗೆ ಹೋದರೆ ನಾನು ರೈಲಿನಿಂದ ಇಳಿಯುತ್ತೇನೆ, ಅವರು ಹತ್ತುತ್ತಾರೆ. ದಂಪತಿಯಲ್ಲಿ ಒಬ್ಬರು ರೈಲಿನಲ್ಲಿ ಇರಲೇಬೇಕು ಎಂಬುದು ನಮ್ಮ ಹಣೆಬರಹ. ಇನ್ನು ಅತ್ತೆಯವರು. ಎಪ್ಪತ್ತು ದಾಟಿದರೂ ದಿನಾ ಎರಡು ತಾಸು ಕೈಮಗ್ಗದ ಮುಂದೆ ಕೂಡುವವರು. ಅವರು ಒಪ್ಪುವುದಿಲ್ಲ ಎಂದು ನಾವಿಬ್ಬರೂ ಹೆದರಿದ್ದೆವು. ಅವರು ಕೇಳಿದ ಕೂಡಲೆ, "ಹೋಗೂಣು ನಡೀರಿ, ನಾ ಎಂದೂ ಬಂಗಲೇದಾಗ ಇದ್ದಿಲ್ಲ" ಎಂದುಬಿಟ್ಟರು. ಗೊಂದಲ ಶುರುವಾದದ್ದೇ ಅಲ್ಲಿಂದ.

ಗೇಟಿನಲ್ಲಿ

ಒಂದು ರವಿವಾರ ಮೂವರೂ ಮನೆ ನೋಡಲು ಹೋದೆವು. ದೊಡ್ಡ ಗೇಟು, ಪಕ್ಕದಲ್ಲಿ ಪುಟ್ಟ ಕೋಣೆ, ಅದರ ಮುಂದೆ ವಯಸ್ಸಾದ ಒಬ್ಬ ಕಾವಲುಗಾರ. ತಲೆಗಿಂತ ಟೊಪ್ಪಿಗೆ ದೊಡ್ಡದು. ನಮ್ಮನ್ನು ಕಂಡವನೇ ಪುಸ್ತಕದ ಭಾಷೆಯಲ್ಲಿ ಶುರುಮಾಡಿದ.

"ಯಾರನ್ನು ಭೇಟಿಯಾಗಬೇಕು?"

"ಯಾರನ್ನೂ ಇಲ್ರಿ. ಮನಿ ನೋಡಾಕ ಬಂದೀವಿ" ಎಂದರು ನಮ್ಮವರು.

"ಯಾರ ಮನೆ?"

"ಯಾರೂ ಇಲ್ಲದ ಮನಿ."

"ಹಾಗೆ ಬಿಡಲು ಬರುವುದಿಲ್ಲ. ಆ ಮನೆಯೊಳಗಿನವರು ಫೋನಿನಲ್ಲಿ ಹೂಂ ಅನ್ನಬೇಕು."

"ಒಳಗ ಮಂದಿ ಇದ್ರ ಅದು ಖಾಲಿ ಮನಿ ಹ್ಯಾಂಗ ಆಗತೈತ್ರಿ?"

ಕಾವಲುಗಾರ ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡ. ಈ ಪ್ರಶ್ನೆ ಅವನಿಗೂ ಹೊಸದು. ಕೊನೆಗೆ ರಿಜಿಸ್ಟರು ಮುಂದೆ ತಳ್ಳಿದ. ನಮ್ಮವರು ಊರಿನ ಹೆಸರು ಬರೆಯುತ್ತಿದ್ದಂತೆ ಬಗ್ಗಿ ನೋಡಿ, "ಬೆಟಗೇರಿಯವರೇನ್ರಿ? ಮೊದಲ ಹೇಳಬಾರದೇನ್ರೀ! ನಾ ಡಂಬಳದಾಂವ" ಎಂದ. ಪುಸ್ತಕದ ಭಾಷೆ ಅಲ್ಲಿಗೆ ಮುಗಿಯಿತು. ಎರಡು ಕುರ್ಚಿ ಬಂದವು, ಅತ್ತೆಯವರಿಗೆ ಅವನದೇ ಸ್ಟೂಲು ಬಂತು. ಡಂಬಳದ ಕೆರೆಗೆ ಈ ಸಲ ನೀರು ಎಷ್ಟು ಬಂತು ಎಂಬುದರಿಂದ ಹಿಡಿದು ಬೆಟಗೇರಿಯ ಯಾವ ಖಾನಾವಳಿಯ ರೊಟ್ಟಿ ಮೆತ್ತಗಿರುತ್ತದೆ ಎಂಬುದರವರೆಗೆ ಅರ್ಧ ತಾಸು ಮಾತಾಯಿತು. ಮನೆ ನೋಡಿ ಹೊರಬರುವಾಗ ಅವನು ಮತ್ತೆ ಗೇಟು ಹಿಡಿದು ನಿಂತ.

"ಹ್ಯಾಂಗನಿಸ್ತರಿ?"

"ಛಲೋ ಐತಿ. ಬರೂದು ಅಂತ ಮಾಡೀವಿ" ಎಂದರು ಅತ್ತೆ.

ಅವನು ದನಿ ತಗ್ಗಿಸಿದ. "ಹಂಗಾದ್ರ ಒಂದ ಉಪಕಾರ ಮಾಡ್ರಿ ಯವ್ವಾ. ಬೆಟಗೇರಿ ಮನಿ ಖಾಲಿ ಮಾಡೂ ಮುಂದ ನಂಗ ಒಂದ ಮಾತು ಹೇಳ್ರಿ. ಇಲ್ಲಿ ಮಾತಾಡಾಕ ಒಬ್ಬರೂ ಸಿಗೂದಿಲ್ಲ, ನಾ ಅಲ್ಲಿಗೆ ಬಂದುಬಿಡ್ತೀನಿ."

ಕಿಟಕಿ ಪಕ್ಕದ ಸೀಟು

ಇಂಥ ವಿಷಯದಲ್ಲಿ ಅನುಭವಸ್ಥರ ಸಲಹೆ ಕೇಳಬೇಕು ಎಂದು ನನಗೆ ಅನಿಸಿತು. ನಮ್ಮ ರೈಲಿನ ಹೆಣ್ಣುಮಕ್ಕಳ ಡಬ್ಬಿಯಲ್ಲಿ ಏಳೆಂಟು ಜನ ದಿನಾ ಒಟ್ಟಿಗೆ ಹೋಗುವವರು. ನರ್ಸು, ಬ್ಯಾಂಕಿನವಳು, ಕಚೇರಿಯ ಟೈಪಿಸ್ಟು. ನನ್ನದು ಹನ್ನೊಂದು ವರ್ಷಗಳಿಂದ ಕಿಟಕಿ ಪಕ್ಕದ ಜಾಗ. ಅದಕ್ಕೆ ಚೀಟಿ ಅಂಟಿಸಿಲ್ಲ, ಆದರೆ ಯಾರೂ ಅಲ್ಲಿ ಕೂಡುವುದಿಲ್ಲ.

ವಿಷಯ ಎತ್ತಿದೆ. ಎಲ್ಲರೂ ಗಂಭೀರರಾದರು. ಬ್ಯಾಂಕಿನವಳು ಮೊದಲು ಬಾಯಿ ಬಿಟ್ಟಳು.

"ಹೋಗ್ರಿ ಟೀಚರ್. ಕಣ್ಣು ಮುಚ್ಚಿ ಹೋಗ್ರಿ. ಆರೋಗ್ಯ ಮೊದಲು."

"ಆದ್ರ ನಮ್ಮವರ ಅಂಗಡಿ..."

"ಅಂಗಡಿ ಇರತೈತ್ರಿ. ನಿಮ್ಮ ಸೊಂಟ ಹೋದ್ರ ಹೋತು."

ನನಗೆ ಕಣ್ಣು ತುಂಬಿಬಂತು. ಇಷ್ಟು ಕಾಳಜಿ ನನ್ನ ತವರಿನವರಿಗೂ ಇರಲಿಲ್ಲ. ಅಷ್ಟರಲ್ಲಿ ನರ್ಸು ಸಿಡಿದಳು. "ಏ, ನೀ ಯಾಕ ಅವರನ್ನ ಅಷ್ಟು ಅವಸರ ಮಾಡಾಕತ್ತೀ? ಸೀನಿಯಾರಿಟಿ ನೋಡಿದ್ರ ಆ ಸೀಟು ನಂದು!"

"ನೀ ಅಣ್ಣಿಗೇರಿಗೆ ಇಳೀತಿ. ಅರ್ಧ ದಾರಿಗೆ ಕಿಟಕಿ ಯಾಕ ಬೇಕು?" ಎಂದಳು ಟೈಪಿಸ್ಟು.

ಅಣ್ಣಿಗೇರಿ ಬಂತು, ಹೋಯಿತು. ನರ್ಸು ಇಳಿದ ಮೇಲೂ ಪ್ಲಾಟ್‌ಫಾರ್ಮಿನಿಂದ ಕಿಟಕಿಯೊಳಗೆ ಬಾಯಿ ಹಾಕಿ ವಾದ ಮಾಡುತ್ತಲೇ ಇದ್ದಳು. ನಾನು ಹೋಗಬೇಕೋ ಬೇಡವೋ ಎಂಬುದನ್ನು ಆಮೇಲೆ ಯಾರೂ ಕೇಳಲಿಲ್ಲ.

ಮರುದಿನ ನಾನು ಡಬ್ಬಿ ಹತ್ತಿದರೆ ನನ್ನ ಜಾಗದಲ್ಲಿ ಬ್ಯಾಂಕಿನವಳು ಕೂತಿದ್ದಾಳೆ. ನನ್ನನ್ನು ಕಂಡು ದಿಗಿಲುಬಿದ್ದು, "ಅಯ್ಯ! ಟೀಚರ್, ನೀವಿನ್ನೂ ಇಲ್ಲೇ ಅದೀರೇನ್ರಿ?" ಎಂದಳು.

ಮೂರು ಸಾಲಿನ ರಟ್ಟು

ನಮ್ಮವರು ವ್ಯಾಪಾರಸ್ಥರು. ಏನೇ ಇದ್ದರೂ ಬರೆದು ನೋಡಬೇಕು ಎನ್ನುವವರು. ಸೀರೆಯ ಪೆಟ್ಟಿಗೆಯ ರಟ್ಟು ಹರಿದು, ನಡುವೆ ಗೀಟು ಎಳೆದು, ಒಂದು ಕಡೆ 'ಹೋಗೂದು', ಇನ್ನೊಂದು ಕಡೆ 'ಬ್ಯಾಡ' ಎಂದು ಬರೆದರು. ನಾನು ಹೇಳುತ್ತ ಹೋದೆ, ಅವರೂ ಹೇಳುತ್ತ ಬರೆದರು. ಅತ್ತೆ ಕನ್ನಡಕ ಏರಿಸಿ ಓದಿದರು.

"ಲೇ ತಮ್ಮಾ, 'ಅಲ್ಲಿ ಸದ್ದುಗದ್ದಲ ಇಲ್ಲ' ಅಂತ ಎರಡೂ ಕಡೆ ಯಾಕ ಬರದಿ?"

"ಈ ಕಡೇದು ಆಕಿ ಹೇಳಿದ್ದು ಬೇ. ಆ ಕಡೇದು ನಾ ಹೇಳಿದ್ದು."

"'ನಡಕೊಂತ ಶಾಲಿಗೆ ಹೋಗಬೌದು' ಅನ್ನೋದೂ ಎರಡೂ ಕಡೆ ಐತಿ?"

ಅದು ನನ್ನದೇ ತಪ್ಪು. ಶಾಲೆ ಅಷ್ಟು ಹತ್ತಿರವಾದರೆ ಹೆಡ್‌ಮಾಸ್ತರು ರವಿವಾರವೂ ಕರೆಯುತ್ತಾರೆ ಎಂದು ಆಮೇಲೆ ಹೊಳೆದಿತ್ತು.

"ಎಲ್ಲಾ ನಿಮ್ಮಿಬ್ಬರದ ಆತು. ನಂದೆಲ್ಲಿ?" ಎಂದು ಅತ್ತೆ ಕೇಳಿದರು. ನಮ್ಮವರಿಗೆ ನಾಚಿಕೆಯಾಯಿತು. ಇನ್ನೊಂದು ಗೀಟು ಎಳೆದು, ಮೂರನೆಯ ಸಾಲಿಗೆ 'ಅವ್ವ' ಎಂದು ಬರೆದು, ಪೆನ್ನು ಹಿಡಿದು ಕೂತರು. "ಹೇಳು ಬೇ, ಏನ ಹೇಳ್ತಿ ಅದನ್ನ ಹಂಗ ಬರೀತೀನಿ." ಅತ್ತೆ ಬಾಯಿ ತೆರೆದವರು ತಟ್ಟನೆ ಅಡಿಗೆಮನೆಯ ಕಡೆ ತಿರುಗಿ ಏನೋ ಕೂಗಿ ಓಡಿದರು. ನಮ್ಮವರು ಕೊಟ್ಟ ಮಾತಿಗೆ ತಪ್ಪುವವರಲ್ಲ.

ಇವತ್ತಿಗೂ ಆ ರಟ್ಟಿನ ಮೂರನೆಯ ಸಾಲಿನಲ್ಲಿ ಇರುವುದು ಒಂದೇ ಮಾತು: 'ಹಾಲು ಉಕ್ಕಾಕತ್ತಾವು.'

ಎರಡನೆಯ ಸದ್ದು

ಕಾಲೊನಿಗೆ ಒಂದು ಸಂಘ, ಸಂಘಕ್ಕೆ ಒಬ್ಬ ಕಾರ್ಯದರ್ಶಿ. ಬರುವವರೆಲ್ಲ ಮೊದಲು ಅವರಿಗೆ ಫೋನು ಮಾಡಿ ನಿಯಮ ಕೇಳಿಕೊಳ್ಳಬೇಕು. ನಾಯಿ ಇದೆಯೇ, ಕಾರು ಎಷ್ಟು, ಹಿತ್ತಲಲ್ಲಿ ಕೋಳಿ ಸಾಕುತ್ತೀರಾ ಎಂದೆಲ್ಲ ಕೇಳಿದರು. ನಮ್ಮವರು ಪ್ರಾಮಾಣಿಕರಾಗಿ, "ಅದ್ಯಾವುದೂ ಇಲ್ರಿ. ಒಂದ ಮಗ್ಗ ಐತಿ" ಎಂದರು.

"ಮಗ್ಗವೇ? ಮಶೀನಾ?"

"ಅಲ್ರಿ, ಕೈಮಗ್ಗ. ಅವ್ವ ನೇಯ್ತಾಳ."

"ಸದ್ದು ಎಷ್ಟು ಬರುತ್ತೆ?"

ನಮ್ಮವರು ಹುಟ್ಟಿದ್ದು ಆ ಸದ್ದಿನ ಪಕ್ಕದಲ್ಲಿ. ಅದು ಎಷ್ಟು ಎಂದು ಕೇಳಿದರೆ ಏನು ಹೇಳಬೇಕು? "ನಮಗಂತೂ ಕೇಳಿಸೂದ ಇಲ್ರಿ" ಎಂದರು. ಅವರು ನಿಜವನ್ನೇ ಹೇಳಿದ್ದು, ಆದರೆ ಕಾರ್ಯದರ್ಶಿಗಳು ನಂಬಲಿಲ್ಲ. ಮೊಬೈಲಿನಲ್ಲಿ ಎರಡು ನಿಮಿಷ ರೆಕಾರ್ಡು ಮಾಡಿ ಕಳಿಸಿ, ಕಮಿಟಿಯ ಮುಂದೆ ಇಡುತ್ತೇವೆ ಎಂದರು.

ಮರುದಿನ ಬೆಳಿಗ್ಗೆ ಅತ್ತೆ ಮಗ್ಗದಲ್ಲಿ ಕೂತಾಗ ನಮ್ಮವರು ಮೊಬೈಲು ಪಕ್ಕದಲ್ಲಿಟ್ಟು ಸದ್ದಿಲ್ಲದೆ ಸರಿದರು. ಎರಡು ನಿಮಿಷ ಆದ ಮೇಲೆ ತೆಗೆದು, ಕೇಳಿಯೂ ನೋಡದೆ ಕಳಿಸಿಬಿಟ್ಟರು. ಆ ಎರಡು ನಿಮಿಷದ ನಡುವೆಯೇ ಹಾಲಿನವನು ಬಂದಿದ್ದ. ಹಿಂದಿನ ದಿನ ಅವನು ನೀರು ಬೆರೆಸಿದ್ದಾನೆ ಎಂಬ ಸಂಶಯ ಅತ್ತೆಯವರಿಗಿತ್ತು. ಮಗ್ಗ ಬಿಟ್ಟು ಏಳದೆ, ಕೂತಲ್ಲಿಂದಲೇ ಬೀದಿಗೆ ಮುಟ್ಟುವಂತೆ ಅವನನ್ನು ವಿಚಾರಿಸಿಕೊಂಡಿದ್ದರು.

ಮೂರು ದಿನಕ್ಕೆ ಕಾರ್ಯದರ್ಶಿಗಳ ಉತ್ತರ ಬಂತು. ಬಹಳ ಸೌಜನ್ಯದ ಪತ್ರ. "ಮಗ್ಗದ ಸದ್ದಿಗೆ ಕಮಿಟಿಯ ಅಭ್ಯಂತರವಿಲ್ಲ. ಆದರೆ ಹಿನ್ನೆಲೆಯಲ್ಲಿ ಬರುವ ಎರಡನೆಯ ಸದ್ದು ಯಾವುದು ಎಂಬುದು ನಮಗೆ ತಿಳಿಯಲಿಲ್ಲ. ದಯವಿಟ್ಟು ಆ ಯಂತ್ರವನ್ನು ಬೆಟಗೇರಿಯಲ್ಲಿಯೇ ಬಿಟ್ಟು ಬರತಕ್ಕದ್ದು."

ಅತ್ತೆಯವರಿಗೆ ಆ ಪತ್ರವನ್ನು ನಾವು ಓದಿ ಹೇಳಲಿಲ್ಲ.

ಬಾಗಿಲು ಹಾಕಿದ ರವಿವಾರ

ಕಾಲೊನಿಯಲ್ಲಿ ಎಲ್ಲರ ಮುಂಬಾಗಿಲೂ ಹಗಲೆಲ್ಲ ಹಾಕಿಯೇ ಇರುತ್ತದೆ. ನಮ್ಮ ಓಣಿಯಲ್ಲಿ ಬೆಳಿಗ್ಗೆ ತೆಗೆದ ಬಾಗಿಲು ಮಲಗುವಾಗಲೇ ಹಾಕುವುದು. "ನಮ್ಗ ಅದು ಒಗ್ಗತೈತೋ ಇಲ್ಲೋ, ಇಲ್ಲೇ ಒಂದಿನ ಮಾಡಿ ನೋಡೂಣು" ಎಂದು ನಾನೇ ಸೂಚಿಸಿದೆ. ಒಂದು ರವಿವಾರ ಬೆಳಿಗ್ಗೆ ಚಹಾ ಕುಡಿದು, ಬಾಗಿಲು ಹಾಕಿ ಚಿಲಕ ಇಟ್ಟು, ಮೂವರೂ ಪಡಸಾಲೆಯಲ್ಲಿ ಕೂತೆವು. ಸುಖ ಎನಿಸಿತು. ಅದು ಹತ್ತು ನಿಮಿಷ.

ಮೊದಲು ಬಾಜೂಮನೆಯ ಕಾಕೂ ಬಾಗಿಲು ಬಡಿದರು. "ಯಾಕವಾ, ಆರಾಮ ಅದೀರಿಲ್ಲೋ?" ಆರಾಮ ಇದ್ದೇವೆ ಎಂದು ಹೇಳಿ ಮತ್ತೆ ಹಾಕಿದೆ. ಆರಾಮ ಇದ್ದವರು ಬಾಗಿಲು ಯಾಕೆ ಹಾಕುತ್ತಾರೆ? ಕಾಕೂ ನಂಬಲಿಲ್ಲ. ಕಾಲು ತಾಸಿಗೆ ಎದುರುಮನೆಯವರು ಗಂಜಿ ತಂದರು. ಅತ್ತೆಯವರಿಗೆ ಲಕ್ವ ಹೊಡೆದಿದೆ ಎಂದು ಅವರಿಗೆ ತಿಳಿದುಬಂದಿತ್ತು. ಹಿಂದೆಯೇ ನಮ್ಮವರ ಗೆಳೆಯರೊಬ್ಬರು, "ಗಂಡ ಹೆಂಡತಿ ಜಗಳ ಎಲ್ಲರ ಮನ್ಯಾಗೂ ಇರತಾವು, ಬಾಗಿಲಾ ತಗೀರಿ" ಎಂದು ಹೊರಗಿನಿಂದಲೇ ಸಮಾಧಾನ ಹೇಳತೊಡಗಿದರು. ಅವರ ಪ್ರಕಾರ ನಾನು ತವರಿಗೆ ಹೊರಟವಳು, ಚಿಲಕ ಹಾಕಿ ನನ್ನನ್ನು ಕೂಡಿಹಾಕಲಾಗಿತ್ತು. ಇನ್ಯಾರೋ ಆಟೋ ತಂದು ದವಾಖಾನೆಗೆಂದು ಮನೆಯ ಮುಂದೆ ನಿಲ್ಲಿಸಿದರು.

ಹನ್ನೆರಡರ ಹೊತ್ತಿಗೆ ಬಾಗಿಲು ಹಾರುಹೊಡೆದು ಇಟ್ಟೆವು. ಪಡಸಾಲೆಯಲ್ಲಿ ಹದಿನಾಲ್ಕು ಜನ. ಚಹಾ ಮಾಡಿ ಮಾಡಿ ನನಗೆ ಸಾಕಾಯಿತು. ಎಲ್ಲರನ್ನೂ ಕಳಿಸಿ ಉಸ್ಸೆಂದು ಕೂರುವಾಗ, ಮುಂಡರಗಿಯ ನಾದಿನಿ ಬಸ್ಸಿಳಿದು ಓಡುತ್ತ ಬಂದವಳು, ಮಗ್ಗದ ಮುಂದೆ ಕೂತಿದ್ದ ತಾಯಿಯನ್ನು ನೋಡಿ ಬಾಗಿಲಲ್ಲೇ ಕುಸಿದಳು.

"ಯವ್ವಾ, ನೀ ಹೋಗಿಬಿಟ್ಟಿ ಅಂತ ಹೇಳಿದ್ರಲ್ಲ ಬೇ!"

ಅತ್ತೆ ಲಾಳಿ ಕೈಯಲ್ಲಿ ಹಿಡಿದುಕೊಂಡೇ, "ಇನ್ನೂ ಹೋಗಿಲ್ಲವಾ. ಹೋಗಬೇಕೋ ಬ್ಯಾಡೋ ಅಂತ ನಿಮ್ಮಣ್ಣ ಇನ್ನೂ ಹೇಳಿಲ್ಲ" ಎಂದರು.

ಇದ್ದು ನೋಡಿದ್ದು

ಈ ಕೊನೆಯ ಪ್ರಸಂಗ ಬರೆಯಬೇಡ ಎಂದು ನಮ್ಮವರು ಕೈಮುಗಿದರು. ಬರಿ ಎಂದು ಅತ್ತೆ ಹೇಳಿದರು. ನನ್ನದೂ ಸೇರಿ ಎರಡು ಓಟಾದವು.

ಕೊನೆಗೆ ಏನಾಯಿತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಆ ಬಾಡಿಗೆ ಮನೆ ನಮಗೆ ಸಿಗಲಿಲ್ಲ. ನಾವು ವಿಚಾರ ಮಾಡುತ್ತಿರುವಾಗಲೇ ಬೇರೆ ಯಾರೋ ಬಂದು, ಒಂದೇ ಮಾತಿಗೆ ಒಪ್ಪಿ, ಸಾಮಾನು ಇಳಿಸಿದರು. ಸುದ್ದಿ ಕೇಳಿದ ದಿನ ಮೂವರಿಗೂ ಹೊಟ್ಟೆ ಉರಿಯಿತು, ಮೂವರಿಗೂ ಹಗುರವೂ ಆಯಿತು. ಈಗ ಅದೇ ಸಾಲಿನಲ್ಲಿ ಇನ್ನೊಂದು ಖಾಲಿ ಆಗಿದೆಯಂತೆ. ನನ್ನ ಸೊಂಟಕ್ಕೆ ಪಟ್ಟಿ ಬಂದಿದೆ, ರೈಲು ಮುಂದುವರಿದಿದೆ.

ಆದರೆ ಆ ಮನೆ ಕೈತಪ್ಪುವ ಮೊದಲು ಕಾಲೊನಿಯಲ್ಲಿ ನಾವು ಕೆಲವು ದಿನ ಇದ್ದು ಬಂದೆವು. ನನ್ನ ಗೆಳತಿ ಮಗಳ ಬಾಣಂತನಕ್ಕೆ ಹೋಗುವವಳಿದ್ದಳು. "ಎಂಟ ದಿನ ನಮ್ಮ ಮನ್ಯಾಗ ಇದ್ದು ನೋಡ್ರಿ" ಎಂದು ಬೀಗದ ಕೈ ಕೊಟ್ಟಳು. ಶುಕ್ರವಾರ ಸಂಜೆ ಹೋದೆವು. ಶನಿವಾರ ಸಂಜೆ ನಾಲ್ಕಕ್ಕೆ ನಮ್ಮವರು, "ಒಂದ ಸುತ್ತು ಹಾಕಿ ಬರ್ತೀನಿ" ಎಂದು ಹೊರಬಿದ್ದರು.

ಆ ಕಾಲೊನಿಯ ಮನೆಗಳೆಲ್ಲ ಒಂದೇ ಅಚ್ಚಿನವು. ಅದೇ ಕೆನೆ ಬಣ್ಣ, ಅದೇ ಕಂದು ಬಾಗಿಲು, ಅದೇ ಮೂರು ಮೆಟ್ಟಿಲು. ನಮ್ಮವರು ಸುತ್ತು ಹಾಕಿ ಬಂದು, ಒಂದು ತೆರೆದ ಬಾಗಿಲು ಕಂಡು, ಇಲ್ಲಿ ಬಾಗಿಲು ತೆರೆದಿಡುವವರು ನಾವಷ್ಟೇ ಎಂದುಕೊಂಡು, ಚಪ್ಪಲಿ ಬಿಟ್ಟು ಒಳಗೆ ಹೋಗಿ, ಫ್ಯಾನು ಹಾಕಿ ಸೋಫಾದ ಮೇಲೆ ಕೂತರು. ಸೋಫಾದ ಹಾಸು ಬದಲಾಗಿದ್ದನ್ನು ಕಂಡು, 'ಒಗ್ಯಾಕ ಹಾಕಿರಬೇಕು' ಎಂದುಕೊಂಡರಂತೆ.

ಹಿತ್ತಲಲ್ಲಿ ಗಿಡಕ್ಕೆ ನೀರು ಬಿಡುತ್ತಿದ್ದ ಮನೆಯ ಯಜಮಾನರು ಒಳಗೆ ಬಂದರು. ಕನ್ನಡಕದ, ಮೆತ್ತನೆಯ ಮನುಷ್ಯ. ನಮ್ಮವರು ಕೂಡಲೆ ಎದ್ದು ನಿಂತರು.

"ಬರ್ರಿ ಬರ್ರಿ, ಕುಂಡ್ರಿ."

ಆ ಪುಣ್ಯಾತ್ಮ ತನ್ನ ಮನೆಯಲ್ಲಿ ಕೂತ.

"ಎಲ್ಲಿರ್ತೀರಿ?" ಎಂದು ನಮ್ಮವರು ವಿಚಾರಿಸಿದರು.

"ಇಲ್ಲೇರಿ."

"ಛಲೋ ಆತು. ಬಾಜೂದವರು ಆದ್ರಿ."

ಯಜಮಾನರು ಕನ್ನಡಕ ಸರಿಮಾಡಿಕೊಂಡು ನೋಡಿದರು. ಹೆಂಡತಿಯ ಕಡೆಯ ನೆಂಟರಿರಬೇಕು, ಗುರುತು ಹತ್ತಲಿಲ್ಲ ಎಂದರೆ ಆಮೇಲೆ ಮನೆಯಲ್ಲಿ ಮಾತು ಕೇಳಬೇಕು ಎಂದು ಹೆದರಿ, "ನೀವು ಯಾವಾಗ ಬಂದ್ರಿ?" ಎಂದು ಕೇಳಿದರು.

"ನಿನ್ನೆ ಸಂಜೀಕ."

"ನಿನ್ನೇ? ರಾತ್ರಿ... ಇಲ್ಲೇ ಮಲಗಿದ್ರಿ?"

"ಹೂಂ ಮತ್ತ. ಭಾಳ ಛಲೋ ನಿದ್ದಿ ಬಂತು."

"ಒಬ್ಬರ ಬಂದೀರೇನ್ರಿ?"

"ಇಲ್ರಿ, ಮನಿಮಂದಿ ಎಲ್ಲಾ ಬಂದೀವಿ. ಅವ್ವ ಮ್ಯಾಲಿನ ಖೋಲ್ಯಾಗ ಮಲಗ್ಯಾಳ."

ಯಜಮಾನರು ತಲೆ ಎತ್ತಿ ಛಾವಣಿ ನೋಡಿದರು. "ಎಷ್ಟ ದಿನ ಇರ್ತೀರಿ?"

"ಎಂಟ ದಿನ ಇದ್ದು ನೋಡೂದು. ಹಿಡಿಸಿದ್ರ ಖಾಯಂ ಬಂದುಬಿಡೂದು. ಸಾಮಾನು ಒಂದ ಟೆಂಪೋ ಆಗತಾವು, ಅಷ್ಟ." ಎಂದವರು, ಆತನ ಮುಖ ಬಿಳಚಿದ್ದು ಕಂಡು, "ಬಿಸಲಾಗ ಬಂದೀರಿ, ನೀರ ಕುಡೀರಿ" ಎಂದು ಅಡಿಗೆಮನೆಗೆ ನಡೆದರು. ಅಲ್ಲಿಂದಲೇ, "ಈಕಿ ಪ್ಯಾಲಾ ಎಲ್ಲಿಟ್ಟಾಳೋ ಏನೋ!" ಎಂದು ಗೊಣಗಿದರು.

"ಎಡಗಡೆ ಕಪಾಟಿನ್ಯಾಗ ಅದಾವ ನೋಡ್ರಿ" ಎಂದರು ಯಜಮಾನರು.

ನಮ್ಮವರು ಬೆರಗಾದರು. "ನಿಮ್ಗ ನಮ್ಮ ಮನಿ ಭಾಳ ಪರಿಚಯ ಐತಲ್ರಿ!"

ಅಷ್ಟರಲ್ಲಿ ಆ ಮನೆಯ ಹೆಣ್ಣುಮಗಳು ಕಾಯಿಪಲ್ಲೆ ಚೀಲ ಹಿಡಿದು ಬಂದಳು. ಗಂಡನ ಆಫೀಸಿನವರು ಎಂದು ತಿಳಿದು, ನಕ್ಕು, ನೇರ ಒಳಗೆ ಹೋಗಿ ಉಪ್ಪಿಟ್ಟಿಗೆ ಇಟ್ಟಳು. ಬಾಜೂಮನೆಯವಳು ಬಂದು ಅಡಿಗೆ ಮಾಡುವಷ್ಟು ನನಗೆ ಒಂದೇ ದಿನದಲ್ಲಿ ಗೆಳೆತನವಾಗಿದೆ ಎಂದು ನಮ್ಮವರಿಗೆ ಹೆಮ್ಮೆ. ಯಜಮಾನರು ಹೆಂಡತಿಯ ಹಿಂದೆಯೇ ಹೋಗಿ ಪಿಸುಗುಟ್ಟಿದರು.

"ನಿನ್ನ ತವರುಮನಿ ಮಂದಿ ಖಾಯಂ ಇರಾಕ ಬಂದಾರ. ನಂಗ ಒಂದ ಮಾತು ಹೇಳಬಾರದ?"

"ನಮ್ಮವರಾ? ನಿಮ್ಮ ಆಫೀಸಿನವರು ಅಂತ ನಾ ರವಾ ಹುರದೀನಲ್ರಿ!"

ಉಪ್ಪಿಟ್ಟಂತೂ ಬಂತು. ನಮ್ಮವರು ತಾಟು ಕೈಗೆತ್ತಿಕೊಂಡಾಗ ಅವರ ಮೊಬೈಲು ರಿಂಗಾಯಿತು. ಫೋನು ಮಾಡಿದವಳು ನಾನು.

"ಎಲ್ಲಿ ಅದೀರಿ? ಇಷ್ಟೊತ್ತಾತು."

"ಮನ್ಯಾಗ."

"ನಾನೂ ಮನ್ಯಾಗ ಅದೀನಿ."

"ಯಾವ ಖೋಲ್ಯಾಗ?"

ಆ ಕಡೆ ನಮ್ಮವರು ನಿಧಾನಕ್ಕೆ ಸುತ್ತ ನೋಡಿದರು. ಗೋಡೆಯ ಮೇಲೆ ಮದುವೆಯ ಫೋಟೋ. ಅದರಲ್ಲಿ, ಎದುರಿಗೆ ನಿಂತಿದ್ದ ಅದೇ ಗಂಡ, ಅದೇ ಹೆಂಡತಿ. ತಾಟು ಕೆಳಗಿಟ್ಟು, ಎದ್ದು, ಆದದ್ದನ್ನೆಲ್ಲ ತೊದಲುತ್ತ ಹೇಳಿ ಕೈಮುಗಿದರು. ಹೆಣ್ಣುಮಗಳು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ಯಜಮಾನರು ಮಾತ್ರ ನಗಲಿಲ್ಲ. ಅವರಿಗೆ ಇನ್ನೂ ಧೈರ್ಯ ಬಂದಿರಲಿಲ್ಲ.

"ಹಂಗಾರ ನೀವು ಖಾಯಂ ಬರೂದು ಇಲ್ಲಲ್ರಿ?"

ನಮ್ಮವರು ಎಂಥ ಹೊತ್ತಿನಲ್ಲೂ ಸುಳ್ಳು ಹೇಳುವವರಲ್ಲ. "ಅದನ್ನ ಇನ್ನೂ ವಿಚಾರ ಮಾಡಾಕತ್ತೀವ್ರಿ" ಎಂದರು.

ಯಜಮಾನರು ಬಾಗಿಲವರೆಗೆ ಬಂದು, ಚಪ್ಪಲಿ ತಾವೇ ಸರಿಸಿಕೊಟ್ಟು, ಅಷ್ಟೇ ಮೆತ್ತಗೆ ಹೇಳಿದರು:

"ಮಾಡ್ರಿ, ಬೇಕಾದಷ್ಟು ವಿಚಾರ ಮಾಡ್ರಿ. ಆದ್ರ ನಿಮ್ಮ ಮನ್ಯಾಗ ಕುಂತು ಮಾಡ್ರಿ."